ಕೈ ಆಡಿಸಿದರೆ ಸಾಕು: ಜಾದೂಗಾರ ಮ್ಯಾಂಡ್ರೇಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಂಡ್ರೇಕ್ ಅಂದ್ರೆ ಯಾರು?

1934ರ ಜೂನ್ 11ರಂದು ಅಮೆರಿಕದ ಪತ್ರಿಕೆಗಳಲ್ಲಿ ಶುರುವಾದ ಒಂದು ಚಿತ್ರಕಥೆಯ ನಾಯಕ. ಕಸುಬಿನಲ್ಲಿ ಅವನು ವೇದಿಕೆ ಮೇಲೆ ಆಟ ತೋರಿಸುವ ಜಾದೂಗಾರ. ಉಳಿದ ಹೊತ್ತಿನಲ್ಲೆಲ್ಲ ಕಳ್ಳರು, ಮೋಸಗಾರರು, ಲೋಕ ಗೆಲ್ಲಲು ಹೊರಟ ತಿಕ್ಕಲರು ಇವರ ಬೆನ್ನು ಹತ್ತುತ್ತಾನೆ. ಉದ್ದನೆ ಟೋಪಿ, ಹಿಂದೆ ಬಾಲ ಇಳಿಬಿದ್ದ ಕರಿ ಕೋಟು, ಕೆಂಪು ಅಸ್ತರಿನ ಕೇಪ್, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಪೆನ್ಸಿಲ್‌ನಲ್ಲಿ ಗೀರಿದಂಥ ಮೀಸೆ. ಕಾಡಿಗೆ ಹೋದರೂ ಅದೇ ವೇಷ, ಮರಳುಗಾಡಿಗೆ ಹೋದರೂ ಅದೇ ವೇಷ. ಬೆವರು ಮಾತ್ರ ಕಾಣುವುದಿಲ್ಲ.

ಅವನ ಜಾದೂ ನಿಜವಾದದ್ದಾ, ಸುಮ್ನೆ ತೋರಿಕೆಯಾ?

ಜಾಸ್ತಿ ಜನ ಕೇಳೋ ಪ್ರಶ್ನೆ ಇದೇ. ಉತ್ತರ ನೀವು ಯಾವ ಕಾಲದ ಕಥೆ ಓದುತ್ತಿದ್ದೀರಿ ಅನ್ನೋದರ ಮೇಲೆ ನಿಂತಿದೆ.

ಮೊದಲ ಕೆಲವು ಕಥೆಗಳಲ್ಲಿ ಅವನದು ನಿಜವಾದ ಮಾಯೆ. ಮನಸ್ಸು ಮಾಡಿದರೆ ಒಂದನ್ನು ಇನ್ನೊಂದಾಗಿ ಮಾಡಿಬಿಡುತ್ತಿದ್ದ. ಆದರೆ ಏನು ಬೇಕಾದರೂ ಮಾಡಬಲ್ಲ ನಾಯಕನನ್ನು ಇಟ್ಟುಕೊಂಡು ಎಷ್ಟು ದಿನ ಕಥೆ ಎಳೆಯೋದು? ಎದುರಾಳಿ ಬಂದ ದಿನವೇ ಕಥೆ ಮುಗಿದುಹೋಗುತ್ತೆ. ಹಾಗಾಗಿ ನಿಧಾನಕ್ಕೆ ಅವನ ಶಕ್ತಿಯನ್ನು ಒಂದೇ ಕಡೆಗೆ ಕಟ್ಟಿಹಾಕಿದರು. ಅದೇ ಸಮ್ಮೋಹನ. ಮ್ಯಾಂಡ್ರೇಕ್ ಕೈ ಆಡಿಸುತ್ತಾನೆ, ಎದುರಿಗಿದ್ದವನಿಗೆ ಇಲ್ಲದ್ದು ಕಾಣುತ್ತೆ. ಅಷ್ಟೇ.

ಇದಕ್ಕೆ ನಮ್ಮಲ್ಲಿ ಎಷ್ಟು ಸರಿಯಾದ ಮಾತಿದೆ ನೋಡಿ: ಕಣ್ಕಟ್ಟು. ವಸ್ತು ಬದಲಾಗಿಲ್ಲ, ನೋಡುವವನ ಕಣ್ಣು ಕಟ್ಟಿದೆ. ಸಂತೆಯಲ್ಲಿ ಗಾರುಡಿಗ ಮಾಡುತ್ತಿದ್ದ ಕೆಲಸ ಇದೇ ಅಲ್ವಾ? ಇಂಗ್ಲಿಷ್‌ನಲ್ಲಿ 'ಸಮ್ಮೋಹಕವಾಗಿ ಕೈ ಆಡಿಸಿದ' ಅಂತ ಉದ್ದಕ್ಕೆ ಹೇಳಿ ಒಪ್ಪಿಸಬೇಕಾದದ್ದನ್ನು ಕನ್ನಡದ ಓದುಗ ಒಂದು ಪದದಲ್ಲಿ ಹಿಡಿದುಬಿಡುತ್ತಾನೆ.

ಕಣ್ಕಟ್ಟು ಅಂದ ಮೇಲೆ ಚಿತ್ರದಲ್ಲಿ ನಮಗೂ ಹಾವು ಕಾಣುತ್ತಲ್ಲ?

ಒಳ್ಳೆ ಪ್ರಶ್ನೆ. ಈ ಚಿತ್ರಕಥೆಯ ಮಜಾ ಇರೋದೇ ಇಲ್ಲಿ.

ಮ್ಯಾಂಡ್ರೇಕ್ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಬಗೆಯ ದೃಶ್ಯ ತೆಗೆದುಕೊಳ್ಳಿ. ಮೊದಲ ಚೌಕದಲ್ಲಿ ಕಳ್ಳ ಪಿಸ್ತೂಲು ಹಿಡಿದು ನಿಂತಿದ್ದಾನೆ. ಎರಡನೆಯದರಲ್ಲಿ ಮ್ಯಾಂಡ್ರೇಕ್‌ನ ಬೆರಳುಗಳು ಹರಡಿವೆ, ಕೈ ಮುಂದಕ್ಕೆ ಚಾಚಿದೆ. ಮೂರನೆಯದರಲ್ಲಿ ಕಳ್ಳನ ಕೈಯಲ್ಲಿ ಪಿಸ್ತೂಲಿಲ್ಲ, ಹಾವು ಬುಸುಗುಡುತ್ತಿದೆ. ಅವನು ಕಿರುಚಿ ಎಸೆಯುತ್ತಾನೆ. ನಾಲ್ಕನೆಯದರಲ್ಲಿ ನೆಲದ ಮೇಲೆ ಬಿದ್ದಿರುವುದು ಬರೀ ಪಿಸ್ತೂಲು.

ಮೂರನೇ ಚೌಕ ಯಾರ ಕಣ್ಣಿನದು? ಕಳ್ಳನದು. ನಾಲ್ಕನೆಯದು? ಮ್ಯಾಂಡ್ರೇಕ್‌ನದು. ನಡುವಿನ ಒಂದು ಗೆರೆ ದಾಟುವಷ್ಟರಲ್ಲಿ ನಾವು ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ಹಾರಿರುತ್ತೇವೆ, ಗೊತ್ತೇ ಆಗಿರುವುದಿಲ್ಲ. ಚಿತ್ರಕಾರ ಹಾವನ್ನೂ ಪಿಸ್ತೂಲನ್ನೂ ಒಂದೇ ರೀತಿ, ಅಷ್ಟೇ ಗಟ್ಟಿ ಗೆರೆಯಲ್ಲಿ ಬರೆಯಬೇಕು. ಹಾವನ್ನು ಮಸುಕಾಗಿ ಬರೆದರೆ ಆಟ ಕೆಟ್ಟಿತು. ಸಿನಿಮಾದಲ್ಲಿ ಇದನ್ನು ತೋರಿಸೋಕೆ ಕಷ್ಟಪಡಬೇಕು, ಕಾಗದದ ಮೇಲೆ ಮಸಿ ಮತ್ತು ಕುಂಚ ಸಾಕು. ಜಾದೂಗಾರನ ಕಥೆಗೆ ಚಿತ್ರಕಥೆಗಿಂತ ಒಳ್ಳೆ ಜಾಗ ಇಲ್ಲ ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಇದನ್ನು ಮಾಡಿದವರು ಯಾರು?

ಕಥೆ ಲೀ ಫಾಕ್ ಅವರದು. ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ 1911ರಲ್ಲಿ ಹುಟ್ಟಿದವರು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದುವ ಹೊತ್ತಿಗೇ ಈ ಜಾದೂಗಾರನನ್ನು ಕಟ್ಟಿಕೊಂಡು ಮೊದಲ ಎರಡು ವಾರದ ಚಿತ್ರಗಳನ್ನು ತಾವೇ ಬರೆದಿದ್ದರು. ಅದನ್ನು ಹಿಡಿದುಕೊಂಡು ನ್ಯೂಯಾರ್ಕ್‌ಗೆ ಹೋದರು. ಪತ್ರಿಕೆಗಳಿಗೆ ಚಿತ್ರಕಥೆ ಹಂಚುವ ಕಿಂಗ್ ಫೀಚರ್ಸ್ ಸಿಂಡಿಕೇಟ್ ಕೊಂಡಿತು. ಫಾಕ್ ತಮ್ಮ ಬಗ್ಗೆ ದೊಡ್ಡ ದೇಶಸಂಚಾರಿ ಅಂತ ಬಡಾಯಿ ಹೇಳಿಕೊಂಡಿದ್ದರು. ಆಗಿನ್ನೂ ಅವರು ದೂರ ಎಲ್ಲೂ ಹೋಗಿರಲಿಲ್ಲ! ಆಮೇಲೆ ಆ ಮಾತು ಉಳಿಸಿಕೊಳ್ಳಲು ನಿಜವಾಗಿ ಊರೂರು ತಿರುಗಿದರು.

ಚಿತ್ರ ಅದೇ ಊರಿನ ಫಿಲ್ ಡೇವಿಸ್ ಅವರದು. ಆ ನಯವಾದ ಗೆರೆ, ಇಸ್ತ್ರಿ ಮಾಡಿದಂಥ ಕೋಟು, ದೀಪದ ಕೆಳಗಿನ ನೆರಳು ಎಲ್ಲ ಅವರ ಕೈಕೆಲಸ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೇವಿಸ್ ಕರ್ಟಿಸ್-ರೈಟ್ ವಿಮಾನ ಕಂಪನಿಯಲ್ಲೂ ಚಿತ್ರಕಲೆಯ ಕೆಲಸ ಮಾಡುತ್ತಿದ್ದರು. ಆಗ ಫ್ಯಾಷನ್ ಚಿತ್ರಗಾರ್ತಿಯಾಗಿದ್ದ ಅವರ ಹೆಂಡತಿ ಮಾರ್ತಾ ಕೈಜೋಡಿಸಿದರು. ಮ್ಯಾಂಡ್ರೇಕ್‌ನ ಪ್ರೇಯಸಿ ನಾರ್ಡಾಳ ಉಡುಪುಗಳು ಯಾಕೆ ಅಷ್ಟು ಚೆಂದ ಅಂತ ಇನ್ನು ಬೇರೆ ಹೇಳಬೇಕಾ?

ಡೇವಿಸ್ 1964ರಲ್ಲಿ ತೀರಿಕೊಂಡರು. 1965ರಿಂದ ಫ್ರೆಡ್ ಫ್ರೆಡರಿಕ್ಸ್ ಚಿತ್ರ ಬರೆದರು. ಫಾಕ್ ಮಾತ್ರ 1999ರ ಮಾರ್ಚ್‌ನಲ್ಲಿ ಸಾಯುವ ತನಕ ಕಥೆ ಬಿಡಲಿಲ್ಲ. ಕೊನೆಕೊನೆಗೆ ಆಸ್ಪತ್ರೆಯಲ್ಲಿ ಆಮ್ಲಜನಕದ ಮುಸುಕು ಸರಿಸಿ ಕಥೆ ಹೇಳಿ ಬರೆಸಿದರಂತೆ. 65 ವರ್ಷ ಒಂದೇ ಪಾತ್ರದ ಜೊತೆ!

ಮೀಸೆ ಫಾಕ್ ಅವರದ್ದೇ ಅಂತಾರಲ್ಲ, ನಿಜವಾ?

ಹೌದು. ಪಾತ್ರ ನಿಮ್ಮ ಹಾಗೇ ಇದೆಯಲ್ಲ ಅಂತ ಕೇಳಿದವರಿಗೆ ಅವರು ಕೊಟ್ಟ ಉತ್ತರ ಸೊಗಸಾಗಿದೆ. ಬರೆಯುವಾಗ ಕೋಣೆಯಲ್ಲಿ ನಾನು ಮತ್ತು ಒಂದು ಕನ್ನಡಿ ಬಿಟ್ಟು ಬೇರೆ ಯಾರೂ ಇರಲಿಲ್ಲ ಅನ್ನುವ ಅರ್ಥದ ಮಾತು.

ಮ್ಯಾಂಡ್ರೇಕ್ ಅನ್ನೋ ಹೆಸರು ಎಲ್ಲಿಂದ ಬಂತು?

ಅದು ಗಿಡದ ಹೆಸರು. ಬೇರು ಮನುಷ್ಯನ ಆಕಾರದಲ್ಲಿ ಕವಲೊಡೆದಿರುತ್ತೆ. ಕಿತ್ತರೆ ಕಿರುಚುತ್ತೆ, ಕೇಳಿದವನು ಸಾಯುತ್ತಾನೆ ಅಂತ ಯುರೋಪಿನ ಹಳೆಯ ನಂಬಿಕೆ. ಕವಿ ಜಾನ್ ಡನ್ ಅವರ ಒಂದು ಪದ್ಯದಲ್ಲಿ ಈ ಬೇರಿನ ಮಾತು ಬರುತ್ತೆ, ಫಾಕ್ ಹೆಸರು ಎತ್ತಿಕೊಂಡದ್ದು ಅಲ್ಲಿಂದ. ನಮ್ಮ ಉಮ್ಮತ್ತದ ಗಿಡದ ಕುಟುಂಬಕ್ಕೇ ಸೇರಿದ್ದು ಇದು. ತಲೆ ತಿರುಗಿಸುವ ವಿಷಯದಲ್ಲೂ ಇಬ್ಬರೂ ನೆಂಟರೇ. (ಬದನೆ, ಟೊಮೆಟೊ ಕೂಡ ಅದೇ ಮನೆತನ. ಅವು ಮಾತ್ರ ಸಂಭಾವಿತವು.)

ಪತ್ರಿಕೆಯಲ್ಲಿ ದಿನಕ್ಕೆ ಬರೀ ಮೂರು-ನಾಲ್ಕು ಚೌಕ. ಅಷ್ಟರಲ್ಲಿ ಸಾಹಸದ ಕಥೆ ಹೇಗೆ ಹೇಳ್ತಾರೆ?

ತುಂಬಾ ಲೆಕ್ಕಾಚಾರದಿಂದ. ಸೋಮವಾರದಿಂದ ಶನಿವಾರದ ತನಕ ಒಂದು ಸಾಲು, ಕಪ್ಪು-ಬಿಳುಪು. ಓದುಗ ನಿನ್ನೆಯದು ಮರೆತಿರಬಹುದು, ನಿನ್ನೆ ಪೇಪರ್ ಸಿಕ್ಕೇ ಇಲ್ಲದಿರಬಹುದು. ಹಾಗಾಗಿ ಮೊದಲ ಚೌಕದಲ್ಲಿ ನಿನ್ನೆ ಏನಾಯಿತು ಅಂತ ಚಿಕ್ಕದಾಗಿ ನೆನಪಿಸಬೇಕು. ನಡುವೆ ಕಥೆ ಒಂದು ಹೆಜ್ಜೆ ಮುಂದೆ. ಕೊನೆಯ ಚೌಕದಲ್ಲಿ ಬಾಗಿಲು ತೆರೆಯುತ್ತೆ, ನೆರಳು ಬೀಳುತ್ತೆ, ಯಾರೋ 'ಅಯ್ಯೋ' ಅನ್ನುತ್ತಾರೆ. ಒಂದು ಕಥೆ ಹೀಗೆ ತಿಂಗಳುಗಟ್ಟಲೆ ನಡೆಯುತ್ತೆ. ಮೊಟ್ಟಮೊದಲ ಕಥೆ 'ಕೋಬ್ರಾ' ಜೂನ್‌ನಲ್ಲಿ ಶುರುವಾಗಿ ನವೆಂಬರ್ ತನಕ ಓಡಿತು.

ಭಾನುವಾರದ್ದು ಬೇರೆ ಲೋಕ. ಬಣ್ಣದಲ್ಲಿ, ದೊಡ್ಡ ಜಾಗದಲ್ಲಿ. 1935ರ ಫೆಬ್ರವರಿ 3ರಿಂದ ಶುರುವಾಯಿತು. ವಾರದ ದಿನಗಳ ಕಥೆಗೂ ಇದಕ್ಕೂ ಸಂಬಂಧ ಇಲ್ಲ, ಎರಡೂ ಬೇರೆ ಬೇರೆ ಕಥೆ. ಅಂದ್ರೆ ಮ್ಯಾಂಡ್ರೇಕ್ ಶನಿವಾರ ಒಂದು ದೇಶದಲ್ಲಿ ಸಿಕ್ಕಿಬಿದ್ದಿರುತ್ತಾನೆ, ಭಾನುವಾರ ಇನ್ನೆಲ್ಲೋ ಆರಾಮಾಗಿರುತ್ತಾನೆ, ಸೋಮವಾರ ಮತ್ತೆ ಅದೇ ಸಂಕಟ. ಆಗಿನ ಓದುಗರಿಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ. ನಾವು ಎರಡು ಧಾರಾವಾಹಿ ಒಟ್ಟಿಗೆ ನೋಡ್ತೀವಲ್ಲ, ಹಾಗೆ.

ಒಟ್ಟಿಗೆ ಕೂತು ಪುಸ್ತಕವಾಗಿ ಓದುವಾಗ ಆ ಮೊದಲ ಚೌಕದ ನೆನಪಿಸಾಟ ಕಿರಿಕಿರಿ ಮಾಡುತ್ತೆ. ದಿನಕ್ಕೊಂದೇ ಸಾಲು ಓದಿ ನೋಡಿ. ರುಚಿಯೇ ಬೇರೆ.

ಲೋಥಾರ್ ಮ್ಯಾಂಡ್ರೇಕ್‌ನ ಆಳಾ, ಗೆಳೆಯನಾ?

ಇಲ್ಲಿ ಸ್ವಲ್ಪ ನಿಲ್ಲಬೇಕು.

ಲೋಥಾರ್ ಆಫ್ರಿಕಾದ ಏಳು ರಾಷ್ಟ್ರಗಳ ಒಕ್ಕೂಟದ ರಾಜಕುಮಾರ. ಸಿಂಹಾಸನ ಬಿಟ್ಟು ಮ್ಯಾಂಡ್ರೇಕ್ ಜೊತೆ ಲೋಕ ಸುತ್ತಲು ಬಂದವನು. ಲೋಕದಲ್ಲೇ ಅವನಷ್ಟು ಬಲಶಾಲಿ ಇಲ್ಲ, ಆನೆಯನ್ನು ಒಂದೇ ಕೈಯಲ್ಲಿ ಎತ್ತುತ್ತಾನೆ. ಅಮೆರಿಕದ ಪತ್ರಿಕೆಗಳಲ್ಲಿ ಕಪ್ಪು ಮನುಷ್ಯನೊಬ್ಬ ಇಂಥ ವೀರನಾಗಿ ದಿನಾ ಬರೋದು 1934ರಲ್ಲಿ ಸಣ್ಣ ಮಾತಲ್ಲ.

ಆದರೆ ಅವನನ್ನು ಬರೆದ ರೀತಿ? ಚಿರತೆ ತೊಗಲು, ಗಿಡ್ಡ ಚಡ್ಡಿ, ತಲೆ ಮೇಲೆ ತುರ್ಕಿ ಟೋಪಿ, ಬಾಯಲ್ಲಿ ಹರುಕು ಇಂಗ್ಲಿಷ್. ರಾಜಕುಮಾರ ಅಂತ ಹೇಳೋದು, ಆಳಿನ ಹಾಗೆ ಬರೆಯೋದು. ಆ ಕಾಲದ ಬಿಳಿಯರ ಕಣ್ಣು ಅದು. ಇವತ್ತು ಓದುವಾಗ ಮುಜುಗರ ಆಗುತ್ತೆ, ಆಗಲೇಬೇಕು. ಕಣ್ಕಟ್ಟಿನ ಬಗ್ಗೆ ಅಷ್ಟೊಂದು ಬಲ್ಲವರಿಗೆ ತಮ್ಮ ಕಣ್ಣಿಗೇ ಏನೋ ಕಟ್ಟಿದೆ ಅನ್ನೋದು ಗೊತ್ತಾಗಲಿಲ್ಲ ನೋಡಿ.

1965ರಲ್ಲಿ ಫ್ರೆಡರಿಕ್ಸ್ ಬಂದ ಮೇಲೆ ಇದು ಬದಲಾಯಿತು. ಲೋಥಾರ್ ಎಲ್ಲರ ಹಾಗೆ ಸರಿಯಾದ ಇಂಗ್ಲಿಷ್ ಮಾತಾಡತೊಡಗಿದ, ಉಡುಪು ಬದಲಾಯಿತು, ಕರ್ಮಾ ಎಂಬ ಗೆಳತಿಯೂ ಬಂದಳು. ಅವಳೂ ಆಫ್ರಿಕಾದ ರಾಜಕುಮಾರಿ, ಮಾಡೆಲ್ ಕೆಲಸ ಮಾಡುವವಳು. ಆಮೇಲಿನ ಕಥೆಗಳಲ್ಲಿ ಅವನು ಗೆಳೆಯ. ಆಳಲ್ಲ.

ಇನ್ನೊಂದು ಮಾತು. ಮ್ಯಾಂಡ್ರೇಕ್ ಕೈ ಆಡಿಸುವುದು ಹತ್ತು ಜನರಿಗೆ ಕಾಣುತ್ತೆ, ಸರಿ. ಆದರೆ ಬೀಗ ಹಾಕಿದ ಕಬ್ಬಿಣದ ಬಾಗಿಲಿಗೆ ಕಣ್ಣಿಲ್ಲ! ಅದನ್ನು ಮುರಿಯೋನು ಲೋಥಾರ್. ಕಣ್ಕಟ್ಟು ಎಲ್ಲಿ ನಿಲ್ಲುತ್ತೋ ಅಲ್ಲಿಂದ ಅವನ ಕೆಲಸ ಶುರು.

ನಾರ್ಡಾ ಜೊತೆ ಮದುವೆ ಆಯ್ತಾ?

ಆಯ್ತು, 1997ರಲ್ಲಿ. ಪರಿಚಯವಾಗಿ ಅರುವತ್ತಕ್ಕೂ ಹೆಚ್ಚು ವರ್ಷಕ್ಕೆ! ಅವಳು ಕೊಕೇನ್ ಎಂಬ ಕಲ್ಪನೆಯ ಯುರೋಪಿಯನ್ ದೇಶದ ರಾಜಕುಮಾರಿ. (ಮಾದಕ ವಸ್ತು ಅಲ್ಲ. ಮಧ್ಯಯುಗದ ಜನ ಕನಸು ಕಂಡ, ಕೇಕಿನ ಮನೆಗಳಿರುವ ಸುಖದ ನಾಡಿನ ಹೆಸರು.) ಒಂದಲ್ಲ, ಮೂರು ಕಡೆ ಮದುವೆ: ಮ್ಯಾಂಡ್ರೇಕ್‌ನ ಮನೆಯಲ್ಲಿ, ನಾರ್ಡಾಳ ದೇಶದಲ್ಲಿ, ಹಿಮಾಲಯದಲ್ಲಿರುವ ಜಾದೂ ವಿದ್ಯಾಲಯದಲ್ಲಿ.

ಹಿಮಾಲಯದಲ್ಲಿ ಜಾದೂ ವಿದ್ಯಾಲಯವಾ?

ಹೌದು, ಮ್ಯಾಂಡ್ರೇಕ್ ಕಲಿತದ್ದು ಅಲ್ಲೇ. ಅದರ ಮುಖ್ಯಸ್ಥ ಥೆರಾನ್, ನೂರಾರು ವರ್ಷ ವಯಸ್ಸಿನವನು. ಅವನೇ ಮ್ಯಾಂಡ್ರೇಕ್‌ನ ತಂದೆ. ಗೂಢವಾದದ್ದು ಏನೇ ಬೇಕಾದರೂ ಪಶ್ಚಿಮದ ಕಥೆಗಾರರು ಆಗ ಕಣ್ಣುಮುಚ್ಚಿ ನಮ್ಮ ಬೆಟ್ಟಗಳ ಕಡೆ ಬೆರಳು ತೋರಿಸುತ್ತಿದ್ದರು.

ಖಳರಲ್ಲಿ ಯಾರು ಚೆನ್ನ?

ಕೋಬ್ರಾ ದೊಡ್ಡವನು, ಒಪ್ಪುತ್ತೇನೆ. ಮೊದಲ ಕಥೆಯಿಂದಲೂ ಇದ್ದಾನೆ. ಬೆಳ್ಳಿ ಮುಖವಾಡ ಹಾಕಿಕೊಂಡು 1965ರಲ್ಲಿ ಮರಳಿ ಬಂದಾಗ ಅವನು ಥೆರಾನ್‌ನ ಹಿರಿ ಮಗ ಲೂಸಿಫರ್, ಅಂದ್ರೆ ಮ್ಯಾಂಡ್ರೇಕ್‌ಗೆ ಅಣ್ಣ ಅಂತ ಗೊತ್ತಾಯಿತು. ದಾಯಾದಿ ಜಗಳ! ಇದು ಸಾಲದು ಅಂತ ಡೆರೆಕ್ ಎಂಬ ಕೆಟ್ಟ ಅವಳಿ ಸೋದರನೂ ಇದ್ದಾನೆ.

ನನಗೆ ಜಾಸ್ತಿ ಇಷ್ಟ 'ಜೇಡಿಮಣ್ಣಿನ ಒಂಟೆ' ಅನ್ನೋ ಅಡ್ಡಹೆಸರಿನ ಕಳ್ಳ. ನಿಜ ಹೆಸರು ಸಾಕಿ. ವೇಷ ಬದಲಿಸುವುದರಲ್ಲಿ ಎತ್ತಿದ ಕೈ. ಯಾರ ಮುಖ ಬೇಕಾದರೂ ಕ್ಷಣದಲ್ಲಿ ಹಾಕಿಕೊಳ್ಳುತ್ತಾನೆ, ಕದ್ದ ಜಾಗದಲ್ಲಿ ಮಣ್ಣಿನ ಪುಟ್ಟ ಒಂಟೆ ಇಟ್ಟು ಹೋಗುತ್ತಾನೆ. ಯಾಕೆ ಇಷ್ಟ ಅಂದ್ರೆ, ಅವನೂ ಕಣ್ಕಟ್ಟಿನವನೇ. ಒಬ್ಬ ಕೈಯಿಂದ ಮಾಡಿದರೆ ಇನ್ನೊಬ್ಬ ಮುಖದಿಂದ ಮಾಡುತ್ತಾನೆ. ಇಬ್ಬರು ಒಂದೇ ಕಸುಬಿನವರು ಎದುರಾದರೆ ಜಗಳಕ್ಕೆ ಕಳೆ ಬರುತ್ತೆ.

'8' ಅನ್ನೋ ಗುಪ್ತ ಕೂಟದ ಬಗ್ಗೆಯೂ ಕೇಳ್ತಾರೆ. ಎಂಟು ತೋಳಿನ ಆಕ್ಟೋಪಸ್‌ನಿಂದ ಬಂದ ಹೆಸರು. ಒಳ್ಳೆ ಉಪಾಯ, ಆದರೆ ಪದೇ ಪದೇ ಬಂದು ಸಪ್ಪೆಯಾಯಿತು.

ಕನ್ನಡಿಯೊಳಗಿನ ಮ್ಯಾಂಡ್ರೇಕ್ ಕಥೆ ಯಾವುದು?

ಕನ್ನಡಿಯ ಆಚೆ ಇನ್ನೊಂದು ಲೋಕ ಇದೆ, ಅಲ್ಲಿ ಎಲ್ಲ ತಿರುವುಮುರುವು. ಅಲ್ಲಿನ ಮ್ಯಾಂಡ್ರೇಕ್ ದುಷ್ಟ. ಅಲ್ಲಿ ಸಾಮಾನ್ಯ ಸಿಪಾಯಿ ಆಜ್ಞೆ ಕೊಡುತ್ತಾನೆ. ಆ ದುಷ್ಟನ ಹೆಸರೂ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದ್ದು: ಎಕಾರ್ಡ್ನಾಮ್.

ಇದನ್ನು ಕನ್ನಡಕ್ಕೆ ತರುವ ಕಷ್ಟ ಯೋಚನೆ ಮಾಡಿ. ಇಂಗ್ಲಿಷ್‌ನಲ್ಲಿ ಒಂದೊಂದೇ ಅಕ್ಷರ ತಿರುಗಿಸಬಹುದು. ನಮ್ಮಲ್ಲಿ 'ಮ್ಯಾಂ', 'ಡ್ರೇ', 'ಕ್' ಅಂತ ಕಟ್ಟು ಕಟ್ಟಾಗಿ ಇವೆ. ತಿರುಗಿಸಿದರೆ 'ಕ್ಡ್ರೇಮ್ಯಾಂ'. ಖಳನ ಹೆಸರಲ್ಲ, ಸೀನಿದ ಸದ್ದು.

ಕ್ಸನಾಡು ಎಂಥ ಮನೆ?

ಮ್ಯಾಂಡ್ರೇಕ್ ವಾಸ ಮಾಡುವ, ಬೆಟ್ಟದ ತುದಿಯ ಬಂಗಲೆ. ಹೋಗುವ ರಸ್ತೆ ನಡುವೆ ಎರಡಾಗಿ ಬಾಯಿ ಬಿಡುತ್ತೆ, ಕಬ್ಬಿಣದ ಗೇಟು ನೆಲದಿಂದ ಮೇಲೇಳುತ್ತೆ, ಎಲ್ಲ ಕಡೆ ಟಿವಿ ಕ್ಯಾಮೆರಾ ಕಾವಲು. ಅಲ್ಲಿನ ಅಡುಗೆಯವನು ಹೋಜೋ. ಜಪಾನಿನ ಕಾದಾಟದ ವಿದ್ಯೆಯಲ್ಲಿ ಪಳಗಿದವನು. ಅಷ್ಟೇ ಅಲ್ಲ, ಗುಟ್ಟಾಗಿ ಒಂದು ಅಂತರರಾಷ್ಟ್ರೀಯ ಗೂಢಚಾರ ಸಂಸ್ಥೆಯ ಮುಖ್ಯಸ್ಥ. ಸಾರು ಉಕ್ಕುವ ಹೊತ್ತಿಗೆ ಫೋನ್ ಬಂದರೆ ಏನು ಮಾಡ್ತಾನೋ.

ಸೂಪರ್‌ಮ್ಯಾನ್‌ಗಿಂತ ಮೊದಲು ಬಂದವನಾ?

ನಾಲ್ಕು ವರ್ಷ ಮೊದಲು. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ. ಅವನು ಬಂದ ಅದೇ ಸಂಚಿಕೆಯಲ್ಲಿ ಉದ್ದ ಟೋಪಿಯ ಜಟಾರಾ ಎಂಬ ಜಾದೂಗಾರನೂ ಇದ್ದ. ಯಾರನ್ನು ನೋಡಿ ಬರೆದದ್ದು ಅಂತ ಹೇಳಬೇಕಾಗಿಲ್ಲ. ಮ್ಯಾಂಡ್ರೇಕ್‌ನನ್ನೇ ಮೊದಲ ಸೂಪರ್‌ಹೀರೋ ಅನ್ನುವವರೂ ಇದ್ದಾರೆ. ನನಗೆ ಆ ಪಟ್ಟದ ಗೊಡವೆ ಇಲ್ಲ.

ಫ್ಯಾಂಟಮ್‌ಗೂ ಇವನಿಗೂ ಏನು ನೆಂಟು?

ಒಬ್ಬನೇ ತಂದೆಯ ಮಕ್ಕಳು! ಕಾಡಿನ ಮುಸುಕುಧಾರಿ ವೀರ ಫ್ಯಾಂಟಮ್‌ನನ್ನೂ ಫಾಕ್ ಅವರೇ 1936ರಲ್ಲಿ ಶುರು ಮಾಡಿದರು. ಆಮೇಲೆ ಎರಡನ್ನೂ ಒಟ್ಟಿಗೆ ಬರೆದರು. 1977ರಲ್ಲಿ ಫ್ಯಾಂಟಮ್ ಮದುವೆಯಾದಾಗ ಮ್ಯಾಂಡ್ರೇಕ್ ಅತಿಥಿಯಾಗಿ ಹೋಗಿದ್ದ.

ಕನ್ನಡದಲ್ಲಿ ಬಂದಿತ್ತಾ?

ಬಂದಿತ್ತು. ಟೈಮ್ಸ್ ಆಫ್ ಇಂಡಿಯಾದವರು ಮುಂಬೈಯಿಂದ 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದರು. ಇಂಗ್ಲಿಷ್, ಹಿಂದಿ, ಮರಾಠಿ, ಬಂಗಾಳಿ ಮುಂತಾದವುಗಳ ಜೊತೆಗೆ ಕನ್ನಡದಲ್ಲೂ ಬರುತ್ತಿತ್ತು. ಒಂದು ತಮಾಷೆ ನೋಡಿ. ಹೆಸರು ಇಂದ್ರಜಾಲ, ಆದರೆ ಮೊದಲ 32 ಸಂಚಿಕೆಗಳಲ್ಲಿ ಇಂದ್ರಜಾಲದವನೇ ಇಲ್ಲ, ಪೂರ್ತಿ ಫ್ಯಾಂಟಮ್. ಆಮೇಲೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ ಎಲ್ಲ ಸರದಿಯಲ್ಲಿ ಬಂದರು. 1976ರಲ್ಲಿ ನಮ್ಮವನೇ ಆದ ಬಹಾದ್ದೂರ್ ಸೇರಿಕೊಂಡ. 1990ರಲ್ಲಿ ನಿಂತಿತು, ಒಟ್ಟು 803 ಸಂಚಿಕೆ.

ಇಲ್ಲಿ ಓದಿದ್ದು ಮೂಲದ ಹಾಗೇ ಇತ್ತು ಅಂದುಕೊಳ್ಳಬೇಡಿ. ಪತ್ರಿಕೆಯ ಉದ್ದ ಸಾಲುಗಳನ್ನು ಕತ್ತರಿಸಿ ಪುಸ್ತಕದ ಪುಟಕ್ಕೆ ಜೋಡಿಸುತ್ತಿದ್ದರು, ಬಣ್ಣ ತುಂಬುತ್ತಿದ್ದರು. ಪುಟ ಸಾಲದಿದ್ದರೆ ಚೌಕಗಳಿಗೆ ಕತ್ತರಿ. ಎಷ್ಟೋ ಕಡೆ ಕಥೆ ದಡಬಡ ಮುಗಿಯುವುದು ಅದಕ್ಕೇ. ಆದರೂ ಪುಟಕ್ಕೆ ಬಂದ ಆ ಗಾಢ ಹಳದಿ, ಕೆಂಪು, ಮತ್ತು ಬಿ. ಗೋವಿಂದ್ ಅವರ ಮುಖಪುಟಗಳು ಮೂಲದಲ್ಲಿ ಎಲ್ಲಿದ್ದವು?

ಸಿನಿಮಾ ಬಂದಿದೆಯಾ?

1939ರಲ್ಲಿ ಕೊಲಂಬಿಯಾ ಸಿನಿಮಾ ಕಂಪನಿಯವರು ನಟ ವಾರೆನ್ ಹಲ್ ಅವರನ್ನು ನಾಯಕನಾಗಿ ಹಾಕಿಕೊಂಡು 12 ಕಂತಿನ ಧಾರಾವಾಹಿ ಚಿತ್ರ ತೆಗೆದರು. 1986ರ ಒಂದು ಕಾರ್ಟೂನ್ ಸರಣಿಯಲ್ಲಿ ಫ್ಯಾಂಟಮ್, ಫ್ಲ್ಯಾಶ್ ಗಾರ್ಡನ್ ಜೊತೆ ಸೇರಿ ಭೂಮಿ ಕಾಪಾಡಿದ. ದೊಡ್ಡ ಸಿನಿಮಾ ಆಗಲೇ ಇಲ್ಲ. ಇಟಲಿಯ ಫೆಡೆರಿಕೊ ಫೆಲಿನಿ ಮ್ಯಾಂಡ್ರೇಕ್ ಸಿನಿಮಾ ಮಾಡುವ ಕನಸು ಕಂಡಿದ್ದರು. ಕೊನೆಗೆ 1987ರ ತಮ್ಮ ಒಂದು ಚಿತ್ರದಲ್ಲಿ ನಟ ಮಾರ್ಚೆಲ್ಲೊ ಮಾಸ್ಟ್ರೊಯಾನಿಗೆ ಮ್ಯಾಂಡ್ರೇಕ್ ವೇಷ ಹಾಕಿಸಿ, ಕೋಲು ಆಡಿಸಿ, ಬಿಳಿ ಪರದೆಯ ಮೇಲೆ ತಮ್ಮದೇ ಹಳೆ ಸಿನಿಮಾದ ತುಣುಕು ಬರಿಸಿ ಸಮಾಧಾನ ಮಾಡಿಕೊಂಡರು.

ಈಗಲೂ ಹೊಸ ಕಥೆ ಬರುತ್ತಾ?

ಇಲ್ಲ. ಭಾನುವಾರದ್ದು 2002ರ ಕೊನೆಗೆ ನಿಂತಿತು. ಫಾಕ್ ಹೋದ ಮೇಲೆ ದಿನದ ಕಥೆಯನ್ನೂ ಬರೆಯುತ್ತಿದ್ದ ಫ್ರೆಡರಿಕ್ಸ್ 2013ರ ಜುಲೈನಲ್ಲಿ ನಿವೃತ್ತರಾದರು, ಅದೂ ಒಂದು ಕಥೆಯ ನಟ್ಟನಡುವೆ. ಆ ಕಥೆ ಹಾಗೇ ಉಳಿಯಿತು, ಹಳೆಯವನ್ನು ಮತ್ತೆ ಹಾಕತೊಡಗಿದರು.

ಎಲ್ಲಿಂದ ಓದಲು ಶುರು ಮಾಡಲಿ?

ಮೊದಲನೆಯದರಿಂದ ಬೇಡ. 'ಕೋಬ್ರಾ' ಇನ್ನೂ ಹದಕ್ಕೆ ಬಂದಿಲ್ಲ. ಡೇವಿಸ್ ಕೈ ಪಳಗಿದ ನಲವತ್ತರ, ಐವತ್ತರ ದಶಕದ ಕಥೆ ಒಂದು, ಫ್ರೆಡರಿಕ್ಸ್ ಕಾಲದ್ದು ಒಂದು ಓದಿ. ಹಳೆಯವನ್ನು ಸಂಗ್ರಹಿಸಿ ಟೈಟನ್ ಪ್ರಕಾಶನ 2016ರಿಂದ ಇಂಗ್ಲಿಷ್‌ನಲ್ಲಿ ದಪ್ಪ ಪುಸ್ತಕಗಳನ್ನು ತಂದಿದೆ. ಕನ್ನಡದ್ದು ಬೇಕಾದರೆ ಹಳೆ ಪುಸ್ತಕದಂಗಡಿ ಮತ್ತು ಅದೃಷ್ಟ.

ನನ್ನ ಹಳೆ ಪ್ರತಿಯಲ್ಲಿ ಕೊನೆ ಹಾಳೆ ಇಲ್ಲ. ಏನು ಮಾಡಲಿ?

ಬಾಡಿಗೆ ಪುಸ್ತಕದಂಗಡಿ ನೋಡಿದವರಿಗೆಲ್ಲ ಈ ಕಾಯಿಲೆ ಇದೆ. ನಮಗೆ ಸಿಕ್ಕ ಒಂದರಲ್ಲಿ ಮ್ಯಾಂಡ್ರೇಕ್‌ನ ಕೈ ಹಿಂದಕ್ಕೆ ಕಟ್ಟಿ, ಕಣ್ಣಿಗೆ ಬಟ್ಟೆ ಬಿಗಿದು ಕುರ್ಚಿಯಲ್ಲಿ ಕೂರಿಸಿದ್ದರು. ಅಲ್ಲಿಗೆ ಪುಸ್ತಕ ಖಾಲಿ. ನಾನೂ ನಮ್ಮಣ್ಣನೂ ಲೆಕ್ಕದ ನೋಟ್‌ಬುಕ್ಕಿನ ಹಿಂದೆ ಒಂದೊಂದು ಕೊನೆ ಬರೆದೆವು. ನನ್ನದರಲ್ಲಿ ಮ್ಯಾಂಡ್ರೇಕ್ ಕಾಲ್ಬೆರಳು ಆಡಿಸಿಯೇ ಎಲ್ಲರಿಗೂ ಹುಲಿ ಕಾಣುವಂತೆ ಮಾಡಿದ. ಅಣ್ಣನದರಲ್ಲಿ ಲೋಥಾರ್ ಗೋಡೆ ಒಡೆದುಕೊಂಡು ಬಂದ. ಹದಿನೈದು ವರ್ಷ ಆದ ಮೇಲೆ ಪೂರ್ತಿ ಪ್ರತಿ ಸಿಕ್ಕಿತು. ಅಣ್ಣನೇ ಗೆದ್ದಿದ್ದ. ಒಡೆದದ್ದು ಮಾತ್ರ ಗೋಡೆಯಲ್ಲ, ಬಾಗಿಲು.